ಪ್ರಶ್ನೋತ್ತರ: ಮದುವೆಯ ಖರ್ಚಿನಲ್ಲಿ ಸಹೋದರಿಯ ಪಾಲು ಮುಗಿಯುತ್ತದೆಯೇ?

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ಅವರ ತಂದೆತಾಯಿ ಮೊದಲೇ ತೀರಿಕೊಂಡಿದ್ದರು. ಈಗ ತಾಯಿ, ಇಬ್ಬರು ಸಹೋದರರು ಮತ್ತು ನಾವಿಬ್ಬರು ಸಹೋದರಿಯರಿದ್ದೇವೆ. ಶಿವಾಜಿನಗರದಲ್ಲಿ ತಂದೆ ಕಟ್ಟಿಸಿದ ಮನೆಯ ಕೆಳಗಿನ ಅಂಗಡಿಗಳಿಂದ ಬರುವ 24,000 ರೂಪಾಯಿ ಮಾಸಿಕ ಬಾಡಿಗೆಯನ್ನು ಸಹೋದರರೇ ತೆಗೆದುಕೊಳ್ಳುತ್ತಾರೆ. ‘ನಿಮ್ಮ ಮದುವೆಗೆ ಅಪ್ಪ ಸಾಕಷ್ಟು ಖರ್ಚು ಮಾಡಿದ್ದಾರೆ, ಅಲ್ಲಿಗೆ ನಿಮ್ಮ ಪಾಲು ಮುಗಿಯಿತು’ ಎಂದು ಹೇಳಿ, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಯುತ್ತಿದ್ದಾರೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುವ ಭಯವಿದೆ. ಏನು ಮಾಡಲಿ?
– ಓರ್ವ ಸಹೋದರಿ, ಬೆಂಗಳೂರು

ಉತ್ತರ: ಇಸ್ಲಾಮೀ ವಾರೀಸು ಕಾನೂನಿನ ಪ್ರಕಾರ ಮುಗಿಯುವುದಿಲ್ಲ. ತಂದೆ ಬದುಕಿದ್ದಾಗ ಮಗಳ ಮದುವೆಗೆ ಮಾಡಿದ ಖರ್ಚು ಅವರು ತಮ್ಮ ಹಣದಿಂದ, ತಮ್ಮ ಇಚ್ಛೆಯಿಂದ ಮಾಡಿದ ಖರ್ಚು. ಅದನ್ನು ಅವರ ಮರಣಾನಂತರ ಹುಟ್ಟುವ ಹಕ್ಕಿನಲ್ಲಿ ಮುರಿದುಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಸಹೋದರರ ಓದಿಗೆ, ವ್ಯಾಪಾರಕ್ಕೆ, ಅವರ ಮದುವೆಗೂ ತಂದೆಯೇ ಖರ್ಚು ಮಾಡಿರುತ್ತಾರಲ್ಲವೇ? ಆ ಲೆಕ್ಕವನ್ನು ಯಾವ ಮನೆಯಲ್ಲೂ ತೆಗೆಯುವುದಿಲ್ಲ.

ತಂದೆತಾಯಿ ಮತ್ತು ಸಂಬಂಧಿಕರು ಬಿಟ್ಟುಹೋದ ಸಂಪತ್ತಿನಲ್ಲಿ ಪುರುಷರಿಗೂ ಪಾಲಿದೆ, ಸ್ತ್ರೀಯರಿಗೂ ಪಾಲಿದೆ, ಅದು ಕಡಿಮೆಯಿರಲಿ ಹೆಚ್ಚಿರಲಿ, ಈ ಪಾಲು ನಿಶ್ಚಿತವಾದುದು ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯದ 7ನೇ ಸೂಕ್ತ ಹೇಳುತ್ತದೆ. ಈ ವಿಷಯದಲ್ಲಿ ಪ್ರವಾದಿ(ಸ)ಯವರ ಮುಂದೆ ಬಂದ ಒಂದು ದೂರು ನಿಮ್ಮದಕ್ಕಿಂತ ಬಹಳ ಭಿನ್ನವಲ್ಲ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್‌ರ ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದು, ಇವರ ಚಿಕ್ಕಪ್ಪ ಇಡೀ ಆಸ್ತಿಯನ್ನು ತೆಗೆದುಕೊಂಡಿದ್ದಾರೆ ಎಂದು ತಿಳಿಸಿದರು. ವಾರೀಸು ಹಕ್ಕಿನ ಸೂಕ್ತ ಅವತೀರ್ಣವಾದ ಬಳಿಕ ಪ್ರವಾದಿ(ಸ) ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು ಭಾಗ, ಅವರ ತಾಯಿಗೆ ಎಂಟನೇ ಒಂದು ಭಾಗ ಕೊಟ್ಟು, ಉಳಿದುದನ್ನು ನೀನು ತೆಗೆದುಕೋ ಎಂದು ತೀರ್ಪಿತ್ತರು. ದೂರು ತಂದ ಆ ಮಹಿಳೆಗೆ ‘ಸಂಬಂಧ ಕೆಡುತ್ತದೆ, ಬಿಟ್ಟುಬಿಡು’ ಎಂದು ಅವರು ಹೇಳಲಿಲ್ಲ ಎಂಬುದನ್ನು ನಿಮ್ಮ ಸಹೋದರರು ಗಮನಿಸಬೇಕು.

ನಿಮ್ಮ ಲೆಕ್ಕ ಹೀಗಿದೆ. ಅಂತ್ಯಸಂಸ್ಕಾರದ ಖರ್ಚು, ತಂದೆಯ ಸಾಲ ಮತ್ತು ಅವರು ಮಾಡಿರಬಹುದಾದ ವಸಿಯ್ಯತ್ (ಉಯಿಲು) ಮೊದಲು ತೀರಬೇಕು. ತಾಯಿಗೆ ಮಹ್ರ್ (ಪತಿ ಪತ್ನಿಗೆ ಕೊಡಬೇಕಾದ ವಿವಾಹಧನ) ಬಾಕಿಯಿದ್ದರೆ ಅದೂ ಸಾಲವೇ. ಉಳಿದುದನ್ನು 48 ಭಾಗ ಮಾಡಿದರೆ ತಾಯಿಗೆ 6, ಪ್ರತಿಯೊಬ್ಬ ಸಹೋದರನಿಗೆ 14, ಪ್ರತಿಯೊಬ್ಬ ಸಹೋದರಿಗೆ 7 ಭಾಗ ಬರುತ್ತವೆ. ಬಾಡಿಗೆಯೂ ಇದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು: ತಿಂಗಳಿಗೆ ತಾಯಿಗೆ 3,000, ಸಹೋದರರಿಗೆ ತಲಾ 7,000, ನಿಮಗಿಬ್ಬರಿಗೆ ತಲಾ 3,500 ರೂಪಾಯಿ. ತಂದೆ ತೀರಿಕೊಂಡ ದಿನದಿಂದ ಸಹೋದರರು ತಮ್ಮ ಪಾಲಿಗಿಂತ ಹೆಚ್ಚಾಗಿ ಪಡೆದಿರುವ ಬಾಡಿಗೆ ಅವರಿಗೆ ಹಲಾಲ್ (ಧರ್ಮಸಮ್ಮತ) ಅಲ್ಲ, ಅದನ್ನು ಮರಳಿಸಬೇಕು.

ಸಹಿಯ ವಿಷಯ. ಪಾಲು ಎಷ್ಟೆಂದು ತಿಳಿದು, ಯಾವ ಒತ್ತಡವೂ ಇಲ್ಲದೆ, ಒಂದು ಮೊತ್ತವನ್ನು ಪಡೆದು ವಾರಸುದಾರರು ಹಿಂದೆ ಸರಿಯುವುದಕ್ಕೆ ಹನಫೀ ಫಿಕ್ಹ್‌ನಲ್ಲಿ (ಇಸ್ಲಾಮೀ ಧರ್ಮಶಾಸ್ತ್ರದ ಒಂದು ಪಂಥದಲ್ಲಿ) ಅವಕಾಶವಿದೆ. ಆದರೆ ತವರು ತಪ್ಪುವ ಭಯದಿಂದ ಹಾಕುವ ಸಹಿ ಸಂತೃಪ್ತಿಯ ಸಹಿಯಲ್ಲ, ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಸೊತ್ತು ಹಲಾಲ್ ಆಗುವುದೂ ಇಲ್ಲ. ಪತ್ರ ನೋಂದಣಿಯಾಗಿ ಖಾತಾ ಬದಲಾದರೂ ಅಲ್ಲಾಹನ ಮುಂದೆ ಆ ಪಾಲು ನಿಮ್ಮದೇ. ಆದ್ದರಿಂದ ಸಹಿ ಹಾಕಬೇಡಿ. ಹಿರಿಯರ ಮೂಲಕ ಕೇಳಿ. ಕೊಡದಿದ್ದರೆ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಿ. ಹಕ್ಕು ಕೇಳುವುದು ಸಂಬಂಧ ಕಡಿಯುವುದಲ್ಲ. ಕೇಳಿದ್ದಕ್ಕೆ ಮುಖ ತಿರುಗಿಸುವವರು ಸಂಬಂಧ ಕಡಿಯುತ್ತಾರೆ.

ಪ್ರಶ್ನೆ: ಹೆಣ್ಣುಮಕ್ಕಳು ಚೆನ್ನಾಗಿದ್ದಾರೆ. ಮನೆಯನ್ನು ಗಂಡುಮಕ್ಕಳಿಗೇ ವಸಿಯ್ಯತ್ ಬರೆದಿಡಬಹುದೇ? ಅಥವಾ ಈಗಲೇ ಹಿಬಾ (ಬದುಕಿದ್ದಾಗಲೇ ಕೊಡುವ ದಾನ) ಮಾಡಲೇ?
– ಓರ್ವ ಓದುಗ, ಫ್ರೇಜರ್ ಟೌನ್

ಉತ್ತರ: ವಾರಸುದಾರರಿಗೆ ಮಾಡಿದ ವಸಿಯ್ಯತ್ ನಿಮ್ಮ ಮರಣಾನಂತರ ಉಳಿದ ವಾರಸುದಾರರು ಒಪ್ಪದ ಹೊರತು ಊರ್ಜಿತವಾಗದು. ಇತರರಿಗಾದರೂ ಮೂರನೇ ಒಂದು ಭಾಗವೇ ಮಿತಿ. ಹಿಬಾಕ್ಕೆ ಘೋಷಣೆ, ಸ್ವೀಕಾರ ಮತ್ತು ಸ್ವಾಧೀನದ ಹಸ್ತಾಂತರ ಮೂರೂ ಬೇಕು. ಕಾಗದದಲ್ಲಿ ಕೊಟ್ಟು, ಬಾಡಿಗೆಯನ್ನು ನೀವೇ ವಸೂಲು ಮಾಡುತ್ತಿದ್ದರೆ ಅದು ವಿವಾದಕ್ಕೆ ದಾರಿ. ಎಲ್ಲಕ್ಕಿಂತ ಮುಖ್ಯವಾಗಿ, ನುಅ್‌ಮಾನ್ ಬಿನ್ ಬಶೀರ್‌ರ ತಂದೆ ಅವರೊಬ್ಬರಿಗೇ ಉಡುಗೊರೆ ಕೊಟ್ಟು ಪ್ರವಾದಿ(ಸ)ಯವರನ್ನು ಸಾಕ್ಷಿಯಾಗಲು ಕೋರಿದಾಗ, ‘ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ?’ ಎಂದು ಅವರು ಕೇಳಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಡಿರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿರಿ ಎಂದರು. ಹೆಣ್ಣುಮಕ್ಕಳನ್ನು ವಂಚಿಸುವ ಉದ್ದೇಶದ ಹಿಬಾವನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಮುಸ್ಲಿಮ್ ವೈಯಕ್ತಿಕ ಕಾನೂನಿನ ಚರ್ಚೆ ಏಳುತ್ತದೆ. ಅದನ್ನು ಉಳಿಸಲು ನಾವೇನು ಮಾಡಬೇಕು?
– ಓರ್ವ ಕಾಲೇಜು ವಿದ್ಯಾರ್ಥಿ, ಬೆಂಗಳೂರು

ಉತ್ತರ: ಏಕರೂಪ ನಾಗರಿಕ ಸಂಹಿತೆಯ ಮಾತನ್ನಾಡುವ ಸಂವಿಧಾನದ 44ನೇ ವಿಧಿಯ ಕುರಿತು ಚರ್ಚಿಸಲು, ವಿರೋಧಿಸಲು, ನಿಮ್ಮ ಅಭಿಪ್ರಾಯಕ್ಕೆ ತಕ್ಕಂತೆ ಮತ ಹಾಕಲು ನಿಮಗೆ ಪೂರ್ಣ ಹಕ್ಕಿದೆ. ಆದರೆ ನಾವು ಉಳಿಸಬೇಕೆನ್ನುವ 1937ರ ಶರೀಅತ್ (ಇಸ್ಲಾಮೀ ಧರ್ಮನಿಯಮ) ಅನ್ವಯ ಕಾಯ್ದೆ ಬಂದದ್ದೇಕೆ ಎಂಬುದನ್ನೂ ಓದಿ. ಅನೇಕ ಕಡೆ ಸ್ಥಳೀಯ ರೂಢಿಯ ಹೆಸರಿನಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗೆ ಆಸ್ತಿ ನಿರಾಕರಿಸಲಾಗುತ್ತಿತ್ತು. ರೂಢಿಯನ್ನು ಬದಿಗಿಟ್ಟು ಶರೀಅತ್ತಿನ ಪಾಲು ಕೊಡಿಸುವುದು ಆ ಕಾಯ್ದೆಯ ಒಂದು ಮುಖ್ಯ ಉದ್ದೇಶವಾಗಿತ್ತು. ಅದರ ಎರಡನೇ ಕಲಮು ಕೃಷಿಭೂಮಿಯನ್ನು ಹೊರಗಿಟ್ಟಿತು, ಶರೀಅತ್ ಹೊರಗಿಟ್ಟಿಲ್ಲ. ಸಭೆಯಲ್ಲಿ ಘೋಷಣೆ ಕೂಗಿ, ಮನೆಗೆ ಬಂದು ಸಹೋದರಿಯಿಂದ ಖುಲಾಸೆ ಪತ್ರ ಬರೆಸಿಕೊಳ್ಳುವವನು ಆ ಕಾಯ್ದೆಯನ್ನು ಒಳಗಿನಿಂದಲೇ ರದ್ದುಪಡಿಸುತ್ತಿದ್ದಾನೆ. ಮಸೀದಿ ಸಮಿತಿಗಳು ಮರಣ ಸಂಭವಿಸಿದ ಮನೆಗೆ ಹೋಗಿ, ವಾರಸುದಾರರ ಪಟ್ಟಿ ಮತ್ತು ಪ್ರತಿಯೊಬ್ಬರ ಪಾಲನ್ನು ಕಾಗದದಲ್ಲಿ ಬರೆದುಕೊಡುವ ಕ್ರಮವನ್ನು ಆರಂಭಿಸಲಿ. ನಿಮ್ಮ ಮೊಹಲ್ಲಾದ ಸಮಿತಿಯ ಮುಂದೆ ಈ ಬೇಡಿಕೆಯನ್ನು ನೀವೇ ಇಡಬಹುದು.