ಮಿಲಿಟರಿ ವೈರ್‌ಲೆಸ್ ನೆಟ್‌ವರ್ಕಲ್ಲಿ ಟ್ರಾಫಿಕ್ ಜಾಸ್ತಿ ಆದ್ರೆ ಹೆಂಗ್ ಮ್ಯಾನೇಜ್ ಮಾಡ್ತಾರೆ?

ಮೊದ್ಲು ಒಂದ್ ವಿಷ್ಯ, ಅಲ್ಲಿ ಬ್ಯಾಂಡ್‌ವಿಡ್ತೇ, ಅಂದ್ರೆ ಡೇಟಾ ಹೋಗೋ ದಾರಿಯ ಅಗಲವೇ ಕಮ್ಮಿ. ಅಮೆರಿಕ ಸೇನೆಯ ಸಿಂಗಾರ್ಸ್ ರೇಡಿಯೋದಲ್ಲಿ ಒಂದು ಚಾನೆಲ್ ಅಂದ್ರೆ ಬರೀ 25 ಕಿಲೋಹರ್ಟ್ಸ್, ಹಳೇ ಮಾಡೆಲಲ್ಲಿ ಡೇಟಾ ಸೆಕೆಂಡಿಗೆ 16 ಕಿಲೋಬಿಟ್ ಅಷ್ಟೇ. ವಾಟ್ಸಾಪ್ ಫೋಟೋನೂ ಕಷ್ಟ.

ಅದಕ್ಕೇ ಎಲ್ರಿಗೂ ಸಮಪಾಲು ಅನ್ನೋ ಮಾತೇ ಇಲ್ಲ. ನೇಟೋ ಕಡೆ ಮೆಸೇಜಿಗೆ ರೂಟೀನ್, ಪ್ರಯಾರಿಟಿ, ಇಮ್ಮಿಡಿಯೇಟ್, ಫ್ಲ್ಯಾಶ್ ಅಂತ ದರ್ಜೆ ಇರುತ್ತೆ. ಲೈನ್ ಫುಲ್ ಇದ್ದಾಗ ಫ್ಲ್ಯಾಶ್ ಬಂದ್ರೆ ಕೆಳಗಿನ ದರ್ಜೆ ಕಾಲನ್ನ ಮಧ್ಯದಲ್ಲೇ ಕಟ್ ಮಾಡೋ ವ್ಯವಸ್ಥೆನೂ ಇದೆ. ಶಿರಾಡಿ ಘಾಟಲ್ಲಿ ಜಾಮ್ ಆದಾಗ ಆಂಬುಲೆನ್ಸಿಗೆ ಸೈಡ್ ಕೊಡೋದಲ್ಲ, ಲಾರಿನೇ ರಸ್ತೆಯಿಂದ ಇಳಿಸಿದಂಗೆ.

ನನ್ ಪ್ರಕಾರ ನಿಜವಾದ ತಲೆನೋವು ಟಿಸಿಪಿ, ಅಂದ್ರೆ ಡೇಟಾನ ಪ್ಯಾಕೆಟ್ ಅನ್ನೋ ಚಿಕ್ಕ ತುಂಡು ಮಾಡಿ ತಲುಪಿಸೋ ಇಂಟರ್ನೆಟ್ ಪ್ರೊಟೊಕಾಲ್ (ನಿಯಮಾವಳಿ). ಪ್ಯಾಕೆಟ್ ಕಳೆದ್ರೆ ಅದು ದಾರಿ ಜಾಮ್ ಆಗಿದೆ ಅಂದ್ಕೊಂಡು ಸ್ಪೀಡ್ ಇಳಿಸುತ್ತೆ, ಆದ್ರೆ ರೇಡಿಯೋಲಿ ಪ್ಯಾಕೆಟ್ ಕಳೆದುಹೋಗೋದು ಗುಡ್ಡ ಅಡ್ಡ ಬಂದಿದ್ದಕ್ಕೋ ಶತ್ರು ಜಾಮರ್ ಹಾಕಿದ್ದಕ್ಕೋ ಇರ್ಬೋದು, ಆಗ ಸ್ಪೀಡ್ ಇಳಿಸಿದ್ರೆ ಇರೋ ಚೂರು ಜಾಗನೂ ವೇಸ್ಟು. ಸ್ಯಾಟಲೈಟ್ ಆದ್ರೆ ಇನ್ನೂ ಕಷ್ಟ. ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಸ್ಯಾಟಲೈಟ್ ಕಂಟ್ರೋಲ್ ಕೇಂದ್ರ) ಗೊತ್ತಲ್ಲ, 2013ರಲ್ಲಿ ನೌಕಾಪಡೆಗೆ ಅಂತ ಹಾರಿಸಿದ ಜಿಸ್ಯಾಟ್-7 ಕಂಟ್ರೋಲ್ ಆಗೋದು ಅಲ್ಲಿಂದ್ಲೇ. ಅಂಥ ಸ್ಯಾಟಲೈಟ್ ಸುಮಾರು 36,000 ಕಿ.ಮೀ. ಮೇಲಿರುತ್ತೆ, ಕಳ್ಸಿ ಉತ್ತರ ಬರೋಕೇ ಅರ್ಧ ಸೆಕೆಂಡು, ಉತ್ತರ ಬಂದಂಗೆಲ್ಲ ಸ್ಪೀಡ್ ಏರ್ಸೋ ಟಿಸಿಪಿ ಒದ್ದಾಡುತ್ತೆ. ಅದಕ್ಕೆ ಲಿಂಕಿನ ಎರಡೂ ತುದಿಲಿ ಪ್ರಾಕ್ಸಿ (ಮಧ್ಯವರ್ತಿ ಯಂತ್ರ) ಇಟ್ಟು, ಅಕ್ನಾಲೆಜ್‌ಮೆಂಟ್ (ಡೇಟಾ ಸಿಕ್ತು ಅನ್ನೋ ಉತ್ತರ) ಇಲ್ಲೇ ಕೊಟ್ಟು, ಮಧ್ಯದಲ್ಲಿ ಬೇರೆ ಪ್ರೊಟೊಕಾಲ್ ಓಡಿಸ್ತಾರೆ.

ಆಮೇಲೆ ಇನ್ನೊಂದು, ಹಳೇದನ್ನ ಎಸೆಯೋದು. ಗಾಡಿ ಎಲ್ಲಿದೆ ಅನ್ನೋ ಲೊಕೇಶನ್ ಮೆಸೇಜ್ ಕ್ಯೂನಲ್ಲಿ ಕಾಯ್ತಿರೋವಾಗ ಹೊಸದು ಬಂದ್ರೆ ಹಳೇದನ್ನ ಕಳ್ಸೋದೇ ಬೇಡ, ಡಿಲೀಟ್.