ಓದುಗರ ಪ್ರಶ್ನೆ: ‘ಸಾಯದ ಸುಗಿಮೊತೊ’ನನ್ನು ನಾಯಕನೆನ್ನಬಹುದೇ?

ಪ್ರಶ್ನೆ: ಮಾನ್ಯರೇ, ಕಾಲೇಜಿನಲ್ಲಿ ಓದುವ ನನ್ನ ಮಗ ‘ಗೋಲ್ಡನ್ ಕಮುಯ್’ ಎಂಬ ಜಪಾನಿ ಮಾಂಗಾ (ಚಿತ್ರಕಥೆ) ಸರಣಿಯನ್ನು ಬಹಳ ಮೆಚ್ಚಿಕೊಂಡಿದ್ದಾನೆ. ಕುತೂಹಲದಿಂದ ನಾನೂ ಮೊದಲ ಕೆಲವು ಸಂಪುಟಗಳನ್ನು ಓದಿದೆ. ಅದರ ನಾಯಕ ಸುಗಿಮೊತೊ ಯುದ್ಧದಿಂದ ಮರಳಿದ ಸೈನಿಕ. ಸೆರೆಯಿಂದ ತಪ್ಪಿಸಿಕೊಳ್ಳಲು ಅವನು ಇನ್ನೊಬ್ಬ ಸೈನಿಕನನ್ನು ಕೊಂದು, ಸತ್ತವನ ಕರುಳನ್ನು ತನ್ನ ಅಂಗಿಯೊಳಗೆ ತುರುಕಿಕೊಂಡು, ತನ್ನ ಹೊಟ್ಟೆಯೇ ಸೀಳಿಹೋಗಿದೆ ಎಂದು ನಟಿಸುತ್ತಾನೆ. ಇಂಥವನನ್ನು ನಾಯಕನೆಂದು ಹೇಗೆ ಒಪ್ಪುವುದು? ಲೇಖಕರು ಅವನ ಕ್ರೌರ್ಯವನ್ನು ಕ್ಷಮಿಸಿಬಿಟ್ಟಿದ್ದಾರೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಕ್ಷಮಿಸಿಲ್ಲವೆಂದೇ ನನ್ನ ಅಭಿಪ್ರಾಯ, ಕ್ಷಮಿಸುವ ಗೋಜಿಗೇ ಹೋಗಿಲ್ಲವೆಂದರೆ ಇನ್ನೂ ಸರಿಯಾದೀತು. ನೀವು ಹೇಳಿದ ದೃಶ್ಯವನ್ನೇ ತೆಗೆದುಕೊಳ್ಳೋಣ. ಅಲ್ಲಿ ಸತ್ತವನು ನಿಕಾಯ್ದೊ ಎಂಬ ಅವಳಿ ಸೋದರರಲ್ಲಿ ಒಬ್ಬ. ಸುಗಿಮೊತೊನನ್ನು ಮುಗಿಸಲೆಂದು ಹೊರಟವರೇ ಅವರಾದ್ದರಿಂದ ಆ ಕೊಲೆಯನ್ನು ಆತ್ಮರಕ್ಷಣೆ ಎಂದು ವಾದಿಸಬಹುದಿತ್ತು, ಮತ್ತು ಸಾಮಾನ್ಯ ಸಾಹಸಕಥೆಯಾಗಿದ್ದರೆ ಸತ್ತ ಸೈನಿಕನನ್ನು ಮುಂದಿನ ಪುಟದಲ್ಲಿ ಎಲ್ಲರೂ ಮರೆತುಬಿಡುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ಉಳಿದ ಸೋದರ ಅರ್ಧ ಹುಚ್ಚನಂತಾಗಿ, ಸೇಡೊಂದನ್ನೇ ಹಿಡಿದುಕೊಂಡು, ಕಥೆಯ ಕೊನೆಯ ಭಾಗದವರೆಗೂ ಸುಗಿಮೊತೊನ ಬೆನ್ನು ಬಿಡದೆ ಬರುತ್ತಾನೆ. ಕೊಂದದ್ದು ಕೊಂದದ್ದಾಗಿಯೇ ಉಳಿಯುತ್ತದೆ.

ಸತೋರು ನೋಡ ಅವರು ಈ ಸರಣಿಯನ್ನು 2014ರಿಂದ 2022ರವರೆಗೆ ‘ವೀಕ್ಲಿ ಯಂಗ್ ಜಂಪ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು 31 ಸಂಪುಟಗಳಲ್ಲಿ ಮುಗಿದಿದೆ. ಆರಂಭವೇ ರಷ್ಯಾ–ಜಪಾನ್ ಯುದ್ಧದ ಕಾಳಗದಲ್ಲಿ. ಎಂಥ ಗಾಯವಾದರೂ ಎದ್ದು ಮತ್ತೆ ರಣಕ್ಕಿಳಿಯುತ್ತಿದ್ದ ಕಾರಣ ಸುಗಿಮೊತೊನಿಗೆ ‘ಸಾಯದ ಸುಗಿಮೊತೊ’ ಎಂಬ ಅಡ್ಡಹೆಸರು ಬರುತ್ತದೆ. ಶೌರ್ಯಕ್ಕಾಗಿ ಸಿಗಬೇಕಿದ್ದ ಪದಕ ಮಾತ್ರ ಕೈತಪ್ಪುತ್ತದೆ, ಏಕೆಂದರೆ ತನಗಾಗದ ಮೇಲಧಿಕಾರಿಯೊಬ್ಬನನ್ನು ಅವನು ಸಾಯುವಷ್ಟು ಹೊಡೆದಿರುತ್ತಾನೆ. ಅವನ ಹಿಂಸೆ ಶತ್ರುವಿಗಷ್ಟೇ ಮೀಸಲಾದ, ಬೇಕಾದಾಗ ತೆಗೆದು ಬೇಡವಾದಾಗ ಒಳಗಿಡಬಹುದಾದ ವಸ್ತುವಲ್ಲ ಎಂಬುದನ್ನು ಲೇಖಕರು ಈ ಚಿಕ್ಕ ಸಂಗತಿಯಿಂದ ಮೊದಲಲ್ಲೇ ತಿಳಿಸಿಬಿಡುತ್ತಾರೆ.

ಯುದ್ಧ ಮುಗಿದ ಮೇಲೆ ಅವನು ಹೊಕ್ಕೈಡೊ ದ್ವೀಪದ ಹೊಳೆಯೊಂದರಲ್ಲಿ ಚಿನ್ನ ಸೋಸುತ್ತಿರುತ್ತಾನೆ. ರಣದಲ್ಲಿ ಸತ್ತ ಬಾಲ್ಯದ ಗೆಳೆಯ ತೊರಾಜಿಯ ಹೆಂಡತಿ ಉಮೆಕೊ ಕಣ್ಣು ಕಳೆದುಕೊಳ್ಳುತ್ತಿದ್ದಾಳೆ. ಅವಳ ಚಿಕಿತ್ಸೆಗೆ ಹಣ ಬೇಕು. ಇದೇ ಉಮೆಕೊ ಒಂದು ಕಾಲಕ್ಕೆ ಸುಗಿಮೊತೊನನ್ನು ಪ್ರೀತಿಸಿದ್ದವಳು. ಮನೆಯವರೆಲ್ಲ ಕ್ಷಯದಿಂದ ತೀರಿಹೋದ ಮೇಲೆ, ರೋಗ ಅವಳಿಗೂ ತಗುಲೀತೆಂದು ಅವನೇ ಊರು ಬಿಟ್ಟು ಹೋಗಿದ್ದ. ಯುದ್ಧದಿಂದ ಮರಳಿ ಅವಳ ಮುಂದೆ ನಿಂತಾಗ, ಸರಿಯಾಗಿ ಕಣ್ಣು ಕಾಣದ ಉಮೆಕೊಗೆ ಅವನ ಗುರುತು ಹತ್ತುವುದಿಲ್ಲ, ಯಾರೆಂದು ಕೇಳುತ್ತಾಳೆ. ನನ್ನ ಮಟ್ಟಿಗೆ ಇಡೀ ಸರಣಿಯ ಬೀಜ ಆ ಪ್ರಶ್ನೆಯಲ್ಲಿದೆ. ಕರುಳಿನ ದೃಶ್ಯ ಅದರ ಮುಂದೆ ಏನೂ ಅಲ್ಲ.

ಚಿನ್ನದ ಜಾಡು ಅವನನ್ನು ಅಶಿರ್ಪ ಎಂಬ ಐನು ಹುಡುಗಿಯ ಬಳಿಗೆ ತರುತ್ತದೆ. ಐನುಗಳು ಹೊಕ್ಕೈಡೊದ ಮೂಲನಿವಾಸಿಗಳು. ಅವರು ಕೂಡಿಟ್ಟಿದ್ದ ಚಿನ್ನದ ಗುಟ್ಟು ಅಬಶಿರಿ ಸೆರೆಮನೆಯಿಂದ ಓಡಿಹೋದ 24 ಕೈದಿಗಳ ಮೈಮೇಲಿನ ಹಚ್ಚೆಯಲ್ಲಿದೆ, ಆ ಹಚ್ಚೆಯಾದರೋ ಚರ್ಮ ಸುಲಿದು ಜೋಡಿಸಲೆಂದೇ ಬಿಡಿಸಿದ್ದು. ತಾನು ಯಾರನ್ನೂ ಕೊಲ್ಲುವುದಿಲ್ಲ, ಹಚ್ಚೆಯನ್ನು ಕಾಗದದ ಮೇಲೆ ನಕಲು ಮಾಡಿಕೊಂಡರೆ ಸಾಕು ಎಂದು ಹೇಳುವವಳು ಅಶಿರ್ಪ. ಮನುಷ್ಯನನ್ನು ಕೊಂದ ಕರಡಿಯು ಕೆಟ್ಟ ದೈವವಾಗುತ್ತದೆ, ಅದರ ಮಾಂಸವನ್ನು ತಿನ್ನಬಾರದು ಎಂಬ ಐನು ನಂಬಿಕೆಯನ್ನು ಅವಳು ವಿವರಿಸಿದಾಗ, ಮಾತು ಕರಡಿಯ ಕುರಿತಾಗಿದ್ದರೂ ಸುಗಿಮೊತೊ ಅದನ್ನು ತನಗೇ ಅನ್ವಯಿಸಿಕೊಳ್ಳುತ್ತಾನೆ. ಸತ್ತ ಮೇಲೆ ತನಗೆ ಎಲ್ಲಿ ಜಾಗ ಎಂಬ ವಿಷಯದಲ್ಲಿ ಅವನಿಗೆ ಭ್ರಮೆಯಿಲ್ಲ.

ನಿಮ್ಮ ಮಗ ಓದಿರಬಹುದಾದ ಎರಡು ಪ್ರಸಂಗಗಳನ್ನು ನೀವೂ ಓದಬೇಕೆಂದು ಕೋರುತ್ತೇನೆ. ಒಂದರಲ್ಲಿ ಸುಗಿಮೊತೊ ತಾನು ಗಾಯಗೊಳಿಸಿದ ಜಿಂಕೆಯ ಹಿಂದೆ ಹಿಮದಲ್ಲಿ ನಡೆಯುತ್ತಾನೆ. ರಕ್ತ ಸುರಿಸಿಕೊಂಡೂ ಬದುಕಲು ಒದ್ದಾಡುವ ಆ ಪ್ರಾಣಿಯಲ್ಲಿ ತನ್ನನ್ನೇ ಕಂಡು, ಅಷ್ಟು ಜನರನ್ನು ಕೊಂದವನು ಬಂದೂಕು ಹಾರಿಸಲಾರದೆ ನಿಲ್ಲುತ್ತಾನೆ. ಅದನ್ನು ಮುಗಿಸುವವಳು ಅಶಿರ್ಪ. ಆಮೇಲೆ ಅವಳು ಅವನ ಮರಗಟ್ಟಿದ ಕೈಗಳನ್ನು ಜಿಂಕೆಯ ಬಿಸಿ ಒಡಲೊಳಗೆ ಇಡಿಸಿ, ಆ ಬಿಸಿ ಈಗ ನಿನ್ನದಾಯಿತು, ಅದರ ಜೀವ ತಿಂದವರೊಳಗೆ ಮುಂದುವರಿಯುತ್ತದೆ ಎಂಬ ಅರ್ಥದ ಮಾತು ಹೇಳುತ್ತಾಳೆ. ಬೇಟೆಗೊಂದು ಅರ್ಥವಿದೆ, ಯುದ್ಧದಲ್ಲಿ ಅವನು ಕೊಂದವರ ಸಾವಿಗೆ ಅಂಥದ್ದೇನೂ ಸಿಗುವುದಿಲ್ಲ. ಇನ್ನೊಂದು ಪ್ರಸಂಗದಲ್ಲಿ ಅವನು, ಊರಿಗೆ ಮರಳಿ ಮನೆಯವರೊಂದಿಗೆ ಇದ್ದು ಮೊದಲಿನಂತಾದ ಸೈನಿಕರೂ ಇದ್ದಾರೆ, ರಣದಿಂದ ಹೊರಬರಲಾರದವರೂ ಇದ್ದಾರೆ ಎನ್ನುತ್ತಾನೆ. ಚಿಕ್ಕಂದಿನಲ್ಲಿ ಇಷ್ಟಪಡುತ್ತಿದ್ದ ಒಣಗಿಸಿದ ಪರ್ಸಿಮನ್ ಹಣ್ಣನ್ನು ತಿಂದರೆ ನೀನು ಯುದ್ಧಕ್ಕೆ ಮೊದಲಿನ ಸುಗಿಮೊತೊ ಆಗುವೆಯಾ ಎಂದು ಅಶಿರ್ಪ ಕೇಳುತ್ತಾಳೆ. ಅವನು ಅಳುತ್ತಾನೆ.

ಇವನ ಎದುರಿಗೆ ಓಗಾತ ಎಂಬ ಗುರಿಕಾರನನ್ನು ಇಟ್ಟು ನೋಡಿದರೆ ಲೇಖಕರ ನಿಲುವು ಸ್ಪಷ್ಟವಾಗುತ್ತದೆ. ಓಗಾತ ಜಪಾನಿ ಸೇನೆಯ ಏಳನೆಯ ಡಿವಿಷನ್ನಿನ ದಂಡನಾಯಕನ ವಿವಾಹಬಾಹಿರ ಮಗ. ಕೊಲ್ಲುವಾಗ ಯಾರಿಗೂ ಪಾಪಪ್ರಜ್ಞೆ ಇರುವುದಿಲ್ಲ, ಇದೆಯೆನ್ನುವುದು ಸೋಗು ಎಂಬುದು ಅವನ ಸಿದ್ಧಾಂತ. ಹಾಗಿರಲು ಸಾಧ್ಯವಿಲ್ಲವೆಂದು ಕಣ್ಣೀರಿಟ್ಟು ಅಪ್ಪಿಕೊಂಡ ಮಲತಮ್ಮನನ್ನೇ ಅವನು ರಣದಲ್ಲಿ ಹಿಂದಿನಿಂದ ಗುಂಡಿಟ್ಟು ಕೊಲ್ಲುತ್ತಾನೆ. ಇಬ್ಬರ ಕೈಗೂ ಅಂಟಿದ ರಕ್ತದಲ್ಲಿ ಹೆಚ್ಚು ಕಡಿಮೆ ಎಣಿಸಿ ಪ್ರಯೋಜನವಿಲ್ಲ. ಸುಗಿಮೊತೊ ಲೆಕ್ಕ ಇಟ್ಟುಕೊಂಡಿದ್ದಾನೆ, ಓಗಾತ ಲೆಕ್ಕವೇ ಸುಳ್ಳೆನ್ನುತ್ತಾನೆ. ನಾಯಕನೆಂಬ ಹೆಸರಿಗೆ ಸುಗಿಮೊತೊನಲ್ಲಿರುವ ಅರ್ಹತೆ ಅಷ್ಟೇ, ಅದು ದೊಡ್ಡದೆಂದು ಲೇಖಕರೂ ಎಲ್ಲಿಯೂ ಹೇಳಿಕೊಂಡಿಲ್ಲ.

ನನ್ನ ತಕರಾರು ಬೇರೆಯದು. ನೋಡ ಅವರಿಗೆ ಹಾಸ್ಯದ ಹುಚ್ಚು ವಿಪರೀತ. ವಿಕೃತ ಕೊಲೆಗಾರ ಕೈದಿಗಳ ಕೆಲವು ಅಧ್ಯಾಯಗಳಲ್ಲಿ ಸಾವು ಬರಿಯ ತಮಾಷೆಯಾಗಿಬಿಡುತ್ತದೆ. ಜಿಂಕೆಯ ಪ್ರಸಂಗ ಕಟ್ಟಿಕೊಟ್ಟ ಗಾಂಭೀರ್ಯವನ್ನು ಅವರೇ ಕೆಡವುತ್ತಾರೆ. ಮೆಚ್ಚಿದವರು ಅದನ್ನೂ ಸರಣಿಯ ಸೊಗಸೆನ್ನುತ್ತಾರೆ. ನನಗೆ ಒಪ್ಪಿಗೆಯಾಗಿಲ್ಲ.

ಪ್ರಶ್ನೆ: ಈ ಕಥೆಯಲ್ಲಿ ಬರುವ 203 ಮೀಟರ್ ಗುಡ್ಡದ ಕಾಳಗ ನಿಜವಾಗಿ ನಡೆದದ್ದೇ? ಗೆದ್ದ ದೇಶದ ಸೈನಿಕರು ಏಕೆ ಅಷ್ಟು ಕಹಿಯಾಗಿದ್ದಾರೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಜವಾದ ಕಾಳಗವೇ. ಇಂದು ಚೀನಾದ ದಾಲಿಯನ್ ನಗರಕ್ಕೆ ಸೇರಿರುವ ಪೋರ್ಟ್ ಆರ್ಥರ್ ಬಂದರನ್ನು ಜನರಲ್ ನೋಗಿ ಮರೆಸುಕೆಯ ಸೇನೆ 1904ರಲ್ಲಿ ಮುತ್ತಿತು. ಬಂದರಿನಲ್ಲಿದ್ದ ರಷ್ಯಾದ ಹಡಗುಗಳು ಕಾಣಿಸುವ ಎತ್ತರವೆಂಬ ಕಾರಣಕ್ಕೆ ಆ ಗುಡ್ಡ ಬೇಕಾಗಿತ್ತು. ಮೆಷಿನ್‌ಗನ್ ಮತ್ತು ಮುಳ್ಳುತಂತಿಯ ಎದುರಿಗೆ ಕಾಲಾಳುಗಳನ್ನು ಅಲೆಯಲೆಯಾಗಿ ನುಗ್ಗಿಸಿ, ಡಿಸೆಂಬರ್ 5ರಂದು ಅದನ್ನು ಹಿಡಿದರು. ಅಲ್ಲಿಂದ ಗುರಿ ತೋರಿಸಿ ಭಾರೀ ಫಿರಂಗಿಗಳಿಂದ ಹಡಗುಗಳನ್ನು ಮುಳುಗಿಸಿದರು. ಇಡೀ ಮುತ್ತಿಗೆಯಲ್ಲಿ ಸತ್ತ ಮತ್ತು ಗಾಯಗೊಂಡ ಜಪಾನಿ ಸೈನಿಕರ ಸಂಖ್ಯೆ 50 ಸಾವಿರವನ್ನು ಮೀರುತ್ತದೆ. ನೋಗಿಯ ಇಬ್ಬರು ಗಂಡುಮಕ್ಕಳೂ ಆ ಯುದ್ಧದಲ್ಲಿ ಸತ್ತರು, ಕಿರಿಯವನು ಅದೇ ಗುಡ್ಡದಲ್ಲಿ.

ಕಹಿಗೆ ಕಾರಣವಿತ್ತು. 1905ರ ಸೆಪ್ಟೆಂಬರಿನ ಪೋರ್ಟ್ಸ್‌ಮತ್ ಒಪ್ಪಂದದಲ್ಲಿ ಜಪಾನಿಗೆ ರಷ್ಯಾದಿಂದ ಪರಿಹಾರದ ಹಣ ಬರಲಿಲ್ಲ. ತೆರಿಗೆ ಕಟ್ಟಿ, ಮಕ್ಕಳನ್ನು ಕಳುಹಿಸಿ ಬಸವಳಿದಿದ್ದ ಜನ ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಸೇರಿ ದಂಗೆಯೆದ್ದರು. ಅತ್ತ ನಮ್ಮ ದೇಶದಲ್ಲಿ ಅದೇ ಗೆಲುವನ್ನು, ಯುರೋಪಿನ ದೊಡ್ಡ ಶಕ್ತಿಯೊಂದನ್ನು ಏಷ್ಯಾದವರು ಸೋಲಿಸಿದರೆಂದು ರಾಷ್ಟ್ರೀಯವಾದಿಗಳು ಕೊಂಡಾಡುತ್ತಿದ್ದರು. ಕಥೆಯ ಲೆಫ್ಟಿನೆಂಟ್ ತ್ಸುರುಮಿ, ತಲೆಬುರುಡೆಯ ಮುಂಭಾಗವನ್ನೇ ಯುದ್ಧದಲ್ಲಿ ಕಳೆದುಕೊಂಡವನು, ಈ ಅಸಮಾಧಾನವನ್ನೇ ಬಂಡವಾಳ ಮಾಡಿಕೊಂಡು ಸತ್ತ ಸೈನಿಕರ ಕುಟುಂಬಗಳಿಗೆ ಆಸರೆಯಾಗುವ ಸೇನಾ ಆಡಳಿತದ ಕನಸು ಬಿತ್ತುತ್ತಾನೆ. ಅವನು ಕಾಲ್ಪನಿಕ, ಅವನ ಏಳನೆಯ ಡಿವಿಷನ್ ಕಾಲ್ಪನಿಕವಲ್ಲ. ಹೊಕ್ಕೈಡೊದಲ್ಲಿ ಬೇಸಾಯವನ್ನೂ ಕಾವಲನ್ನೂ ಮಾಡುವಂತೆ ಸರ್ಕಾರ ನೆಲೆಗೊಳಿಸಿದ ಸೈನಿಕರಿಂದ 1896ರಲ್ಲಿ ಅದು ರೂಪುಗೊಂಡಿತು. ಐನುಗಳ ನೆಲವನ್ನು ಕಿತ್ತುಕೊಂಡ ವಲಸೆಯ ಭಾಗವೇ ಆ ಸೈನಿಕರು. ಹಾಗಾಗಿ ಸೇನೆಯಿಂದ ಮೋಸಹೋದೆವೆನ್ನುವವರು ಐನುಗಳ ಚಿನ್ನಕ್ಕೆ ಕೈಹಾಕುವಾಗ, ಕಥೆಯೊಳಗಿನ ನ್ಯಾಯ ಇನ್ನಷ್ಟು ತೊಡಕಾಗುತ್ತದೆ. ಜಪಾನಿನ ಕಾನೂನು ಐನುಗಳನ್ನು ಮೂಲನಿವಾಸಿಗಳೆಂದು ಹೆಸರಿಸಿದ್ದು 2019ರಲ್ಲಿ.

ಲೇಖಕರ ಮುತ್ತಜ್ಜ ಈ ಯುದ್ಧದಲ್ಲಿ ಹೋರಾಡಿದ ಸೈನಿಕರು. ನಾಯಕನ ಹೆಸರು ಅವರದೇ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ನನ್ನ ತಮ್ಮನಿಗೆ ಇದನ್ನು ಓದಲು ಕೊಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಈಗಲೇ ಬೇಡ. ‘ಯಂಗ್ ಜಂಪ್’ ವಯಸ್ಕ ಯುವಕರಿಗಾಗಿ ಬರುವ ಪತ್ರಿಕೆ. ಚರ್ಮ ಸುಲಿಯುವ ಚಿತ್ರಗಳಲ್ಲದೆ ಲೈಂಗಿಕ ಹಾಸ್ಯವೂ ಇದರಲ್ಲಿ ಧಾರಾಳವಾಗಿದೆ. 2018ರಿಂದ ಬಂದ ಅನಿಮೆ (ಜಪಾನಿ ಅನಿಮೇಷನ್) ಸರಣಿಯೂ 2024ರ ಚಲನಚಿತ್ರವೂ ಇದೇ ಕಥೆಯವಾದ್ದರಿಂದ ಅವುಗಳನ್ನು ಸೌಮ್ಯವೆಂದು ಭಾವಿಸುವುದು ಬೇಡ. ಪದವಿ ತರಗತಿಗೆ ಬಂದ ಮೇಲೆ ಓದಲಿ. ಆಗ ಮೊದಲ ಸಂಪುಟದಿಂದಲೇ, ಕ್ರಮ ತಪ್ಪಿಸದೆ ಓದುವುದು ಒಳ್ಳೆಯದು, ಏಕೆಂದರೆ ಪಾತ್ರಗಳು ಪಕ್ಷ ಬದಲಿಸುವ ವೇಗಕ್ಕೆ ನಡುವಿನಿಂದ ಸೇರಿಕೊಂಡವರಿಗೆ ಯಾರು ಯಾರ ಕಡೆಯವರೆಂದೇ ತಿಳಿಯುವುದಿಲ್ಲ.