ಶುಕ್ರನ ಮೋಡದ ಕೆಳಗಿರುವುದು ಜ್ವಾಲಾಮುಖಿಯೇ ಎಂದು ಹೇಗೆ ಗೊತ್ತಾಗುತ್ತದೆ?

ನಿಮ್ಮ ಪ್ರಶ್ನೆ ಇದು: ಶುಕ್ರ ಗ್ರಹದ ಮೇಲೆ ಯಾವಾಗಲೂ ಮೋಡ ಮುಚ್ಚಿರುತ್ತದೆ. ಹಾಗಿದ್ದ ಮೇಲೆ ಕಕ್ಷೆಯಿಂದ ತೆಗೆದ ಜ್ವಾಲಾಮುಖಿ ಚಿತ್ರಗಳನ್ನು ನಂಬುವುದು ಹೇಗೆ? ಅಲ್ಲಿ ಕಾಣುವ ದುಂಡನೆಯ ಆಕಾರಗಳು ಉಲ್ಕೆ ಬಿದ್ದ ಗುಂಡಿಗಳೇ ಯಾಕಾಗಿರಬಾರದು?

ನಂಬಬಹುದು. ಆದರೆ ಯಾವ ಚಿತ್ರ ನೋಡುತ್ತಿದ್ದೀರಿ ಎಂಬುದು ಮುಖ್ಯ. ನಾನು ಬಳ್ಳಾರಿಯಲ್ಲಿ ಡಿಗ್ರಿ ಮಕ್ಕಳಿಗೆ ಭೂವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಶುಕ್ರನ ಮಾತು ಬಂದರೆ ಸಾಕು, ಮಕ್ಕಳು ಮೊಬೈಲಿನಲ್ಲಿ ಮೊದಲು ತೆಗೆದು ತೋರಿಸುವುದು ಅಲ್ಲಿನ ಮಾತ್ ಮಾನ್ಸ್ ಎಂಬ ಜ್ವಾಲಾಮುಖಿ ಪರ್ವತದ ಕಿತ್ತಳೆ ಬಣ್ಣದ ಚಿತ್ರವನ್ನು. ಕಡಿದಾದ ಶಿಖರ, ಮೇಲೆ ಕಪ್ಪು ಆಕಾಶ, ಕೆಳಗೆ ಹರಡಿದ ಲಾವಾ. ಆ ಚಿತ್ರದ ಒಂದು ರೂಪದಲ್ಲಿ ಎತ್ತರವನ್ನು 22.5 ಪಟ್ಟು ಹಿಗ್ಗಿಸಿದ್ದಾರೆ. ಬಣ್ಣವನ್ನೂ ಆಮೇಲೆ ಹಚ್ಚಿದ್ದು. 1982ರಲ್ಲಿ ಸೋವಿಯತ್ ದೇಶದ ವೆನೆರಾ 13 ಮತ್ತು 14 ನೆಲಕ್ಕಿಳಿದು ಕಳಿಸಿದ ಚಿತ್ರಗಳೇ ಆ ಬಣ್ಣಕ್ಕೆ ಆಧಾರ. ನಾಸಾ ಇದನ್ನೆಲ್ಲ ಚಿತ್ರದ ವಿವರಣೆಯಲ್ಲೇ ಬರೆದಿದೆ. ಹಂಚಿಕೊಳ್ಳುವವರು ಚಿತ್ರ ಮಾತ್ರ ಎತ್ತಿಕೊಳ್ಳುತ್ತಾರೆ, ವಿವರಣೆ ಅಲ್ಲೇ ಉಳಿಯುತ್ತದೆ. ನಿಜವಾದ ಮಾತ್ ಮಾನ್ಸ್ ಸುಮಾರು 8 ಕಿ.ಮೀ. ಎತ್ತರ, ಅಗಲ ನೂರಾರು ಕಿ.ಮೀ. ಅದರ ಇಳಿಜಾರು ಬಹಳ ಕಡಿಮೆ.

ಹಾಗಾಗಿ ಬಣ್ಣದ ಚಿತ್ರ ಪಕ್ಕಕ್ಕಿಟ್ಟು, ಮೂಲದ ಕಪ್ಪು-ಬಿಳುಪು ಚಿತ್ರಗಳಿಗೆ ಬನ್ನಿ. ಅವು ನಾಸಾದ ಮೆಗೆಲ್ಲನ್ ನೌಕೆಯವು. 1989ರ ಮೇ ತಿಂಗಳಲ್ಲಿ ಹೊರಟ ಈ ನೌಕೆ 1990ರ ಆಗಸ್ಟ್‌ನಲ್ಲಿ ಶುಕ್ರನನ್ನು ಸುತ್ತತೊಡಗಿತು. ಅದರ ಕಣ್ಣು ಎಂದರೆ ರೇಡಾರ್. 12.6 ಸೆಂ.ಮೀ. ಉದ್ದದ ರೇಡಿಯೋ ಅಲೆಗಳನ್ನು ಓರೆಯಾಗಿ ಕೆಳಗೆ ಬಿಡುತ್ತಿತ್ತು, ನೆಲಕ್ಕೆ ತಾಗಿ ವಾಪಸ್ ಬಂದಷ್ಟನ್ನು ಹಿಡಿಯುತ್ತಿತ್ತು. ಗಂಧಕಾಮ್ಲದ ಮೋಡಗಳು ಆ ಅಲೆಗಳನ್ನು ತಡೆಯುವುದಿಲ್ಲ. ಶುಕ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ನಮ್ಮ 243 ದಿನ ಬೇಕು. ನೌಕೆ ಧ್ರುವಗಳ ಕಡೆಯಿಂದ ಸುತ್ತುತ್ತಿದ್ದಂತೆ ಕೆಳಗೆ ಗ್ರಹ ನಿಧಾನವಾಗಿ ಸರಿಯುತ್ತಿತ್ತು. ಹೀಗೆ ಸುಮಾರು 20 ಕಿ.ಮೀ. ಅಗಲದ ಪಟ್ಟಿ ಪಟ್ಟಿಯಾಗಿ 1992ರ ಹೊತ್ತಿಗೆ ಗ್ರಹದ ಶೇ 98ರಷ್ಟು ನೆಲದ ಚಿತ್ರ ಸಿಕ್ಕಿತು.

ಈ ಚಿತ್ರಗಳನ್ನು ಓದುವ ಕ್ರಮ ಬೇರೆ. ನೆಲ ಒರಟಾಗಿದ್ದರೆ ಅಲೆಗಳು ಎಲ್ಲ ಕಡೆ ಚದುರಿ, ಒಂದಷ್ಟು ನೌಕೆಯ ಕಡೆಗೂ ಬರುತ್ತವೆ. ಆ ಜಾಗ ಬೆಳ್ಳಗೆ ಕಾಣುತ್ತದೆ. ನೆಲ ನುಣುಪಾಗಿದ್ದರೆ ಅಲೆಗಳು ಆಚೆ ಕಡೆ ಹೊರಟುಹೋಗುತ್ತವೆ, ಆ ಜಾಗ ಕಪ್ಪು. ಇನ್ನೊಂದು ವಿಷಯ ದಿಕ್ಕು. ಮೊದಲ 243 ದಿನಗಳ ಸುತ್ತಿನ ಚಿತ್ರಗಳಲ್ಲಿ ರೇಡಾರ್ ಅಲೆ ಎಡಗಡೆಯಿಂದ ಬಿದ್ದಿದೆ. ಹಾಗಾಗಿ ಉಬ್ಬಿದ ಗುಡ್ಡವಾದರೆ ಅದರ ಎಡಬದಿ ಬೆಳ್ಳಗಿರುತ್ತದೆ. ಗುಂಡಿಯಾದರೆ ಒಳಗಿನ ಬಲಗೋಡೆ ಬೆಳ್ಳಗಿರುತ್ತದೆ. ಇದೊಂದು ಗೊತ್ತಿದ್ದರೆ ನಿಮ್ಮ ಅರ್ಧ ಅನುಮಾನ ಕಳೆಯುತ್ತದೆ. ಜೊತೆಗೆ ನೌಕೆಯಲ್ಲಿ ಎತ್ತರ ಅಳೆಯುವ ರೇಡಾರ್ ಬೇರೆ ಇತ್ತು, ದೊಡ್ಡ ಆಕಾರಗಳನ್ನು ಅದರ ಲೆಕ್ಕಕ್ಕೂ ತಾಳೆ ನೋಡಬಹುದು.

ಈಗ ಉಲ್ಕೆಯ ಪ್ರಶ್ನೆ. ಶುಕ್ರನ ಮೇಲೆ ಉಲ್ಕಾಕುಳಿಗಳು ಇವೆ, ಸಾವಿರದ ಹತ್ತಿರ ಎಣಿಸಿದ್ದಾರೆ. ಆದರೆ 3 ಕಿ.ಮೀ.ಗಿಂತ ಚಿಕ್ಕ ಕುಳಿ ಅಲ್ಲಿ ತೀರಾ ಅಪರೂಪ. ಅಲ್ಲಿನ ಗಾಳಿಯ ಒತ್ತಡ ನಮ್ಮದಕ್ಕಿಂತ ಸುಮಾರು 90 ಪಟ್ಟು ಜಾಸ್ತಿ. ಸಣ್ಣ ಕಲ್ಲುಗಳು ನೆಲ ಮುಟ್ಟುವ ಮೊದಲೇ ಒಡೆದು ಹೋಗುತ್ತವೆ. ಜ್ವಾಲಾಮುಖಿಗಳ ಲೆಕ್ಕ ನೋಡಿ: 2023ರಲ್ಲಿ ಮೆಗೆಲ್ಲನ್ ಚಿತ್ರಗಳಿಂದಲೇ ಸುಮಾರು 85,000 ಜ್ವಾಲಾಮುಖಿಗಳ ಪಟ್ಟಿ ಮಾಡಿದರು. ಅದರಲ್ಲಿ ಶೇ 99ರಷ್ಟು 5 ಕಿ.ಮೀ.ಗಿಂತ ಚಿಕ್ಕವು. ಇಷ್ಟೊಂದು ಚಿಕ್ಕ ದುಂಡನೆಯ ಆಕಾರಗಳನ್ನು ಉಲ್ಕೆಗಳು ಮಾಡಿರಲಿಕ್ಕೆ ಸಾಧ್ಯವೇ ಇಲ್ಲ. ಉಲ್ಕೆಗಳು ಎಲ್ಲೆಂದರಲ್ಲಿ ಬೀಳುತ್ತವೆ. ಇವು ಗುಂಪು ಗುಂಪಾಗಿ ಇವೆ. ತುದಿಯಲ್ಲಿ ಬಾಯಿ ಇದೆ, ಬಾಯಿಂದ ಇಳಿಜಾರಿನ ಕಡೆಗೆ ಹರಿದ ಲಾವಾದ ನಾಲಗೆಗಳಿವೆ, ಒಂದರ ಮೇಲೊಂದು.

ನನಗೆ ತುಂಬಾ ಇಷ್ಟವಾದದ್ದು ಆಲ್ಫಾ ರೀಜಿಯೋ ಪ್ರದೇಶದ ಪೂರ್ವದ ಅಂಚಿನಲ್ಲಿರುವ ಏಳು ಗುಮ್ಮಟಗಳು. ಒಂದೊಂದೂ ಸರಾಸರಿ 25 ಕಿ.ಮೀ. ಅಗಲ, ಎತ್ತರ ಹೆಚ್ಚೆಂದರೆ 750 ಮೀಟರ್. ಅಂಚು ಕಡಿದು, ನೆತ್ತಿ ಚಪ್ಪಟೆ. ಹೆಂಚಿನ ಮೇಲೆ ಗಟ್ಟಿ ಹಿಟ್ಟು ಹುಯ್ದರೆ ಸೆಟ್ ದೋಸೆ ದುಂಡಗೆ, ದಪ್ಪಗೆ ಕೂರುತ್ತದಲ್ವಾ, ಲಾವಾವೂ ಹಾಗೆಯೇ. ತೆಳುವಾದ ಲಾವಾ ನೂರಾರು ಕಿ.ಮೀ. ಓಡುತ್ತದೆ, ಗಟ್ಟಿಯಾದದ್ದು ಬಂದ ಜಾಗದಲ್ಲೇ ಹರಡಿ ನಿಲ್ಲುತ್ತದೆ. ಇಷ್ಟು ಗಟ್ಟಿ ಯಾಕಾಯಿತು, ಸಿಲಿಕಾ ಜಾಸ್ತಿ ಇತ್ತಾ, ಅನಿಲದ ಗುಳ್ಳೆ ತುಂಬಿತ್ತಾ ಎಂಬ ವಾದ ಇನ್ನೂ ನಡೆದಿದೆ. ನೆತ್ತಿಯ ಮೇಲಿನ ಬಿರುಕುಗಳನ್ನು ಗಮನಿಸಿ. ಹೊರಗಿನ ಪದರ ಆರಿದ ಮೇಲೂ ಒಳಗಿಂದ ಲಾವಾ ತಳ್ಳುತ್ತಿತ್ತು ಎಂದು ಅವು ಹೇಳುತ್ತವೆ.

ಬರೀ ದುಂಡಗಿದೆ ಎಂದು ಜ್ವಾಲಾಮುಖಿ ಅನ್ನಬಾರದು ಎಂಬ ನಿಮ್ಮ ಮಾತು ಮಾತ್ರ ಸರಿಯಾದದ್ದೇ. ನಮ್ಮ ಊರಿಗೆ ಬಂದವರು ಕೋಟೆ ಗುಡ್ಡ ನೋಡಿ, ಆನೆಗೊಂದಿ ಕಡೆಯ ಗುಂಡುಗಳನ್ನು ನೋಡಿ, ಇದು ಹಳೇ ಜ್ವಾಲಾಮುಖಿಯಾ ಅಂತ ಕೇಳುತ್ತಾರೆ. ಅಲ್ಲ. ಅದು ಗ್ರಾನೈಟ್ ಜಾತಿಯ ಕಲ್ಲು, ಭೂಮಿಯ ಆಳದಲ್ಲೇ ನಿಧಾನವಾಗಿ ಆರಿದ್ದು. ಮೇಲಿನ ನೆಲ ಸವೆದು ಅದು ಹೊರಬಿತ್ತು, ಬಿರುಕುಗಳ ಉದ್ದಕ್ಕೂ ಕೊರೆದು ಕೊರೆದು ಗುಂಡಗಾಯಿತು.

ಬಿಸಿ ಶಿಲಾರಸ ಮೇಲಕ್ಕೆ ನುಗ್ಗಿದ ಗುರುತು ಬೇಕಿದ್ದರೆ ನಾನು ಮಕ್ಕಳನ್ನು ಸಂಗನಕಲ್ಲು, ಕಪ್ಪಗಲ್ಲು ಹತ್ತಿರದ ಹಿರೇಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಗ್ರಾನೈಟನ್ನು ಸೀಳಿಕೊಂಡು ಕರಿಕಲ್ಲಿನ ಒಂದು ಗೋಡೆ ಹಾದುಹೋಗಿದೆ. ಡೋಲರೈಟ್ ಡೈಕ್ ಅದು, ಅಂದರೆ ಬಿರುಕಿನೊಳಗೆ ನುಗ್ಗಿದ ಶಿಲಾರಸ ಅಲ್ಲೇ ಆರಿ ಗಟ್ಟಿಯಾದದ್ದು. ನವಶಿಲಾಯುಗದ ಜನ ಆ ಕಲ್ಲಿನಿಂದಲೇ ಕೊಡಲಿ ಮಾಡುತ್ತಿದ್ದರು. ಕೆಲವು ಗುಂಡುಗಳನ್ನು ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಕಲ್ಲು ಕ್ವಾರಿಯಿಂದ ಆ ಗುಡ್ಡಕ್ಕೆ ಆಗಿರುವ ಹಾನಿ ನೋಡಿದರೆ ಹೊಟ್ಟೆ ಉರಿಯುತ್ತದೆ, ಅದನ್ನು ಉಳಿಸಿಕೊಳ್ಳಲೇಬೇಕು.

ಈ ಡೈಕ್ ತಿಳಿದರೆ ಶುಕ್ರನ ಮೇಲಿನ ಒಂದು ದೊಡ್ಡ ವಿಷಯ ಹಿಡಿತಕ್ಕೆ ಬರುತ್ತದೆ. ಅಲ್ಲಿ ಕೊರೋನಾ ಎಂಬ ಬಳೆಯಾಕಾರದ ಭಾರೀ ರಚನೆಗಳಿವೆ. 1983ರಲ್ಲಿ ವೆನೆರಾ 15 ಮತ್ತು 16 ಇವನ್ನು ರೇಡಾರಿನಲ್ಲಿ ಗುರುತಿಸಿದವು. ಅತಿ ದೊಡ್ಡದಾದ ಆರ್ಟೆಮಿಸ್ 2,000 ಕಿ.ಮೀ.ಗಿಂತ ಅಗಲ. ಆಳದಿಂದ ಬಿಸಿಯಾದ ಶಿಲೆ ಮೇಲೇರಿ ನೆಲವನ್ನು ಉಬ್ಬಿಸಿ, ಆಮೇಲೆ ಕುಸಿದು ಇವು ಆಗಿವೆ ಎಂಬುದು ಹೆಚ್ಚಿನವರ ವಿವರಣೆ. ಇಂಥ ಎಷ್ಟೋ ಕೇಂದ್ರಗಳಿಂದ ಉದ್ದುದ್ದ ಬಿರುಕುಗಳು ಸುತ್ತಲೂ ಹೊರಟಿವೆ. ಅವುಗಳಲ್ಲಿ ಎಷ್ಟೋ ಬಿರುಕುಗಳ ಕೆಳಗೆ ಡೈಕ್‌ಗಳಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬಳ್ಳಾರಿಯಲ್ಲಿ ಮೇಲಿನ ನೆಲ ಸವೆದು ಡೈಕೇ ಕಾಣುತ್ತದೆ. ಶುಕ್ರನ ಮೇಲೆ ನೀರಿಲ್ಲ, ಸವೆತ ಬಹಳ ಕಡಿಮೆ, ಹಾಗಾಗಿ ಮೇಲಿನ ಬಿರುಕು ಮಾತ್ರ ಕಾಣುತ್ತದೆ. ಒಂದೇ ಕೆಲಸದ ಕೆಳಗಿನ ಭಾಗ ಇಲ್ಲಿದೆ, ಮೇಲಿನ ಭಾಗ ಅಲ್ಲಿದೆ. ಇದನ್ನು ಗುಡ್ಡದ ಮೇಲೆ ನಿಂತು ಹೇಳಿದಾಗ ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಬಹಳ ಕಾಲ ಉಳಿದಿತ್ತು: ಇವು ಈಗಲೂ ಜೀವಂತವೇ? ಅದಕ್ಕೆ ಉತ್ತರ ಹಳೇ ಚಿತ್ರಗಳಲ್ಲೇ ಸಿಕ್ಕಿತು. ರಾಬರ್ಟ್ ಹೆರಿಕ್ ಮತ್ತು ಸ್ಕಾಟ್ ಹೆನ್ಸ್ಲಿ ಎಂಬ ವಿಜ್ಞಾನಿಗಳು ಮಾತ್ ಮಾನ್ಸ್ ಹತ್ತಿರದ ಒಂದು ಬಾಯಿಯ ಎರಡು ಚಿತ್ರಗಳನ್ನು ಹೋಲಿಸಿ 2023ರಲ್ಲಿ ಪ್ರಕಟಿಸಿದರು. 1991ರ ಫೆಬ್ರುವರಿಯಲ್ಲಿ ಅದು ದುಂಡಗೆ, ಸುಮಾರು 2.2 ಚದರ ಕಿ.ಮೀ. ಇತ್ತು. ಅಕ್ಟೋಬರ್‌ನಲ್ಲಿ ಸೊಟ್ಟಪಟ್ಟವಾಗಿ ಸುಮಾರು 4 ಚದರ ಕಿ.ಮೀ. ಆಗಿತ್ತು. ಎರಡನೇ ಚಿತ್ರದಲ್ಲಿ ರೇಡಾರ್ ಎದುರು ದಿಕ್ಕಿನಿಂದ ನೋಡಿತ್ತು. ಹಾಗಾಗಿ ಸುಮ್ನೆ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಂತಿರಲಿಲ್ಲ. ಬಾಯಿಯ ಬೇರೆ ಬೇರೆ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಮಾಡಿ, ಆ ಕೋನದಿಂದ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸಿದರು. ಬಾಯಿಯ ಆಕಾರವೇ ಬದಲಾಗಿದೆ ಎಂಬ ತೀರ್ಮಾನಕ್ಕೆ ಬಂದದ್ದು ಆಮೇಲೆ. 2024ರಲ್ಲಿ ಇಟಲಿಯ ವಿಜ್ಞಾನಿಗಳು ಸಿಫ್ ಮಾನ್ಸ್ ಎಂಬ ಇನ್ನೊಂದು ಜ್ವಾಲಾಮುಖಿ ಮತ್ತು ನಿಯೋಬೆ ಬಯಲಿನಲ್ಲೂ ಹೊಸ ಲಾವಾದ ಗುರುತು ತೋರಿಸಿದರು. ಮೂವತ್ತು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದ ಚಿತ್ರಗಳಿವು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಉಲ್ಕಾಕುಳಿ ಎಂಟು ತಿಂಗಳಲ್ಲಿ ತಾನೇ ಬೆಳೆಯುವುದಿಲ್ಲ.

ಇಸ್ರೋದ ಶುಕ್ರ ಕಕ್ಷಾನೌಕೆಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚ್‌ಗೆ ಉಡಾವಣೆಯ ಗುರಿ. ಅದರಲ್ಲೂ ರೇಡಾರ್ ಇರಲಿದೆ. ಅಲ್ಲಿಯವರೆಗೆ ಮೆಗೆಲ್ಲನ್ ಚಿತ್ರಗಳು ಯಾರು ಬೇಕಾದರೂ ನೋಡಲು ಉಚಿತವಾಗಿ ಸಿಗುತ್ತವೆ. ದಕ್ಷಿಣ ಅಕ್ಷಾಂಶ 30 ಡಿಗ್ರಿ, ಪೂರ್ವ ರೇಖಾಂಶ 11.8 ಡಿಗ್ರಿ ಹುಡುಕಿ. ಆ ಏಳು ಗುಮ್ಮಟಗಳು ಅಲ್ಲೇ ಇವೆ. ಯಾವ ಬದಿ ಬೆಳ್ಳಗಿದೆ ಎಂದು ನೀವೇ ನೋಡಿ.